ಸುಬ್ಬಕೃಷ್ಣರು ಕೇರಿಯ ಬಾಯಿ ಮುಚ್ಚಿಸಿದ್ದು

ಸಾಗರದ ಆ ಕೇರಿಯಲ್ಲಿ ಆರು ಮನೆ, ಒಂದು ಬಾವಿ. ಆರೂ ಮನೆಯ ಜಗಳಕ್ಕೆ ಬಾವಿಕಟ್ಟೆಯೇ ಸದನ. ಮೂವತ್ತು ವರ್ಷ ಕಚೇರಿಯಲ್ಲಿ ಕೂತು ಕಂಡವರ ಅರ್ಜಿಗೆ ನಂಬರು ಹಾಕಿದ ಗುಮಾಸ್ತ ಸುಬ್ಬಕೃಷ್ಣರು ೧೯೬೪ರಲ್ಲಿ ನಿವೃತ್ತರಾದರು. ನಂಬರು ಹಾಕಲು ಬೇರೇನೂ ಸಿಗದೆ, ನೆರೆಹೊರೆಯ ಮೇಲೆ ಕಣ್ಣು ಹಾಕಿದರು.

ವಾರದೊಳಗೆ ಬಾವಿಗೆ ಬೋರ್ಡು ಬಂತು. ಕೇರಿಯ ಶಾಂತಿಗಾಗಿ ಹನ್ನೊಂದು ನಿಯಮ. ಏಳನೆಯದು: 'ಒಂದು ಮನೆಯ ಸಂಗತಿಯನ್ನು ಇನ್ನೊಂದು ಮನೆಯವರು ಯಾರೊಂದಿಗೂ ಆಡತಕ್ಕದ್ದಲ್ಲ.' ತಪ್ಪಿದವರು ಒಂದು ದಿನ ಆರೂ ಮನೆಗೆ ನೀರು ಸೇದಬೇಕು. ಎಲ್ಲರಿಂದಲೂ ರುಜು ಆಯಿತು. ಪಕ್ಕದ ಮನೆಯ ಜಲಜಮ್ಮನ ದನಿ ಬಸ್‌ಸ್ಟ್ಯಾಂಡಿನವರೆಗೆ ಕೇಳುವಂಥದ್ದು.

"ಬಾಯಿಗೇ ಹೆಬ್ಬೆಟ್ಟು ಒತ್ತಿಸ್ಕೊಂಡ್ರಲ್ಲ ಮಾರಾಯ್ರೆ!" ಎಂದು ಜಲಜಮ್ಮ ನಕ್ಕರು. ಮರುವಾರವೇ ಸಿಕ್ಕಿಬಿದ್ದು, ಆರು ಮನೆಗೆ ನೀರು ಸೇದಿ, ಭುಜ ಹಿಡಿದ ಮೇಲೆ ನಗು ನಿಂತಿತು. ಕೇರಿಯಿಂದ ಕಿರಿಕಿರಿ ಹೋಯಿತು. ಜೊತೆಗೆ ಮಾತೂ ಹೋಯಿತು. ಸಿಸ್ಟರೊಬ್ಬರೂ ಇಲ್ಲದಿದ್ದರೂ ಕೇರಿ ಕಾನ್ವೆಂಟಿನಂತಾಯಿತು. ಸುಬ್ಬಕೃಷ್ಣರು ಜಗಲಿಯಲ್ಲಿ ಕೂತು ಆ ಮೌನವನ್ನು ಪೆನ್ಶನ್ನಿನಂತೆ ಅನುಭವಿಸಿದರು.

ಎರಡು ವರ್ಷ ಕಳೆಯಿತು. ಮಗಳು ಮಂಗಳಗೌರಿಗೆ ಇಪ್ಪತ್ನಾಲ್ಕು; ಎರಡು ಸಂಬಂಧ ಆಗಲೇ ತಪ್ಪಿದ್ದವು. ಇದೂ ತಪ್ಪಿದರೆ ಮುಂದೆ ಕೇಳುವವರಿಲ್ಲ ಎಂಬಂಥ ಹೊತ್ತಿನಲ್ಲಿ ತೀರ್ಥಹಳ್ಳಿ ಕಡೆಯ ಮಹಾಗಣಪತಿಯವರು ಮಗನಿಗೆ ಹೆಣ್ಣು ನೋಡಲು ಬಂದರು. ಹೆಣ್ಣು ನೋಡುವುದು ಒಳಮನೆಯಲ್ಲಿ ಉಪ್ಪಿಟ್ಟಿನ ಜೊತೆ ಮುಗಿಯುತ್ತದೆ. ನಿಜವಾದ ಪರೀಕ್ಷೆ ನೆರೆಮನೆಯ ಜಗಲಿಯಲ್ಲಿ. ಬಾಯಾರಿಕೆಯ ನೆವ ಹೇಳಿ ಮಹಾಗಣಪತಿ ಹೊರಟರು.

"ಹೋಗಿ ಬನ್ನಿ. ನಮ್ಮ ಕೇರಿಯವರು ಚಿನ್ನ," ಎಂದು ಸುಬ್ಬಕೃಷ್ಣರೇ ಕಳಿಸಿಕೊಟ್ಟರು.

ಎದುರುಮನೆಯ ಯಮುನಮ್ಮ ನೀರು ಕೊಟ್ಟು, "ನಾವು ಯಾರ ಸುದ್ದಿಗೂ ಹೋಗೋದಿಲ್ಲಪ್ಪ," ಎಂದರು. ಮೂಲೆಮನೆಯ ಚಂದ್ರಯ್ಯ, "ನಂಗೆಂತದೂ ಗೊತ್ತಿಲ್ಲ ಸ್ವಾಮಿ," ಎಂದು ಕೈಮುಗಿದ. ಜಲಜಮ್ಮ ಭುಜ ನೀವಿಕೊಳ್ಳುತ್ತ ಬಾಗಿಲು ಹಾಕಿಕೊಂಡರು.

ಮಹಾಗಣಪತಿ ವಾಪಸು ಬಂದು ಗೂಟದಿಂದ ಕೊಡೆ ತೆಗೆದರು.

"ಭಾವಾ, ಇಲ್ಲಿ ಎಂತೋ ಇದ್ದು. ಒಳ್ಳೇ ಮನೆಯಾಗಿದ್ರೆ ಇಷ್ಟೊತ್ತಿಗೆ ನಾಲ್ಕು ದೂರಾದ್ರೂ ಸಿಕ್ತಿತ್ತು. ಮೂರು ಮನೆಯವರೂ ಬಾಯಿ ಬಿಡದಿಲ್ಲ ಅಂದ್ರೆ ಎಂತ ಅರ್ಥ?"

ಬಾಗಿಲ ಹಿಂದಿನಿಂದ ಮಂಗಳಗೌರಿಯೇ ಅಂದಳು: "ಅಪ್ಪಯ್ಯಾ, ಆ ಬೋರ್ಡು ತೆಗಿ."

ನಿವೃತ್ತ ಗುಮಾಸ್ತರು ಬಾವಿಗೆ ಓಡಿ, ಬೋರ್ಡು ಕಿತ್ತು, ಜಲಜಮ್ಮನ ಬಾಗಿಲು ಬಡಿದರು. "ಜಲಜಮ್ಮಾ, ನಮ್ಮನೆ ಬಗ್ಗೆ ಏನಾದ್ರೂ ಹೇಳಿ!"

"ಆಮೇಲೆ ನೀರು ಯಾರು ಸೇದೋದು?"

"ನಾನೇ ಸೇದ್ತೀನಿ!"

ಲಿಂಗನಮಕ್ಕಿ ಅಣೆಕಟ್ಟಿನ ಬಾಗಿಲು ತೆರೆದಂತಾಯಿತು.

"ಕೇಳಿ ಸ್ವಾಮಿ! ನಮ್ಮ ಬಸಳೆ ಬಳ್ಳಿ ಗೋಡೆ ದಾಟ್ತು ಅಂತ ನೋಟೀಸು ಬರೆದ ಮನುಷ್ಯ ಇವ್ರು! ಹೆಂಡ್ತಿ ಸೀನೋದಕ್ಕೂ ಅರ್ಜಿ ಕೊಡ್ಬೇಕು! ಇಂಥವರಿಗೆ ಆ ಹುಡುಗಿ ಹೆಂಗೆ ಹುಟ್ಟಿತೋ! ನಾನು ಜ್ವರ ಬಂದು ಮಲಗಿದ್ದಾಗ ಅಪ್ಪನ ಕಣ್ಣು ತಪ್ಪಿಸಿ ಎಂಟು ದಿನ ಗಂಜಿ ತಂದು ಕೊಟ್ಟಿದ್ದು ಅದೇ!"

ಕೊಡೆ ಹಿಡಿದೇ ಹಿಂದೆ ಬಂದಿದ್ದ ಮಹಾಗಣಪತಿ ಕೇಳಿದರು: "ಗಂಜಿಗೆ ಉಪ್ಪು ಸರಿ ಇರ್ತಿತ್ತಾ?"

"ಒಂಚೂರು ಜಾಸ್ತಿ."

"ಹಂಗಾರೆ ನಿಜ," ಎಂದ ಮಹಾಗಣಪತಿ ಹೋಗಿ ಕೊಡೆಯನ್ನು ಗೂಟಕ್ಕೆ ಮರಳಿ ಸಿಕ್ಕಿಸಿದರು.

ಮಾತಿಗೆ ತಪ್ಪದೆ ಅಂದು ಸಂಜೆ ಸುಬ್ಬಕೃಷ್ಣರು ನೀರು ಸೇದಿದರು. ಐದನೇ ಮನೆಯ ಕೊಡ ಎತ್ತುವಾಗ ಭುಜ ಹಿಡಿಯಿತು. ಅವರು ಅದನ್ನು ಹೆಂಡತಿಗೆ ಹೇಳುವಷ್ಟರಲ್ಲಿ ಯಮುನಮ್ಮ ಮೂರು ಮನೆಗೆ ಹೇಳಿ ಬಂದಾಗಿತ್ತು.