ಯಾರಿಗೂ ಬೀಸದ ಫ್ಯಾನು

ಅವತ್ತು ಅಕ್ಕನ ಮನೆಯಲ್ಲಿ ಕರೆಂಟು ಹೋಗಿತ್ತೋ ಇಲ್ಲವೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಅಡುಗೆಮನೆಯ ಬಲ್ಬು ಉರಿಯುತ್ತಿತ್ತೆಂದು ನನ್ನ ನೆನಪು. ಅದು ಬಲ್ಬೋ, ಹಿತ್ತಲ ಬಾಗಿಲಿಂದ ಬಿದ್ದ ಬಿಸಿಲೋ ಎಂಬ ಅನುಮಾನ ಆಮೇಲಿನದು.

ಅಕ್ಕನ ಮನೆ ಶಿಕಾರಿಪುರದ ಹತ್ತಿರದ ಹಳ್ಳಿಯಲ್ಲಿ. ಅವಳು ಮಲಗುವ ಕೋಣೆಯ ಕೆಳಗೆ ಹಿಂದೆ ಜೋಳ ತುಂಬುತ್ತಿದ್ದ ಹಗೇವು ಇದೆ. ಮೇಲೆ ಕಲ್ಲು ಮುಚ್ಚಿ ಟೈಲ್ಸ್ ಹಾಕಿದ್ದಾರೆ. ಕ್ಷಯ ವಾಸಿಯಾದ ಮೇಲೆ, ಧೂಳು ತಾಕದಿರಲೆಂದು ಅವಳು ಕಿಟಕಿ ಮುಚ್ಚಿಕೊಂಡು ಅಲ್ಲೇ ಇರುತ್ತಿದ್ದಳು. ನಾನು ಭೌತಶಾಸ್ತ್ರ ಓದಿದವನು, ಸೊರಬದಲ್ಲಿ ಪಾಠ ಮಾಡುತ್ತೇನೆ. ನೆಲದಿಂದ ಏಳುವ, ಶ್ವಾಸಕೋಶಕ್ಕೆ ಕ್ಯಾನ್ಸರ್ ತರಬಲ್ಲ ರೇಡಾನ್ ಅನಿಲವನ್ನು ಅಳೆಯುವ ಪುಟ್ಟ ಬ್ಯಾಟರಿ ಯಂತ್ರವೊಂದನ್ನು ತಂದು ಅವಳ ಮಂಚದ ಪಕ್ಕ ಇಟ್ಟೆ. ಅಂಕಿ ನೋಡಿ ಹೆದರಿದೆ. ಅವಳ ಶ್ವಾಸಕೋಶಕ್ಕೆ ಇನ್ನೊಂದು ಪೆಟ್ಟು ತಡೆಯುವ ಶಕ್ತಿ ಇರಲಿಲ್ಲ.

ಭಾವ ಒಂದೆರಡು ಟೈಲ್ಸ್ ಎಬ್ಬಿಸಿ, ಹಗೇವಿನ ಕಲ್ಲು ಸರಿಸಿ ಲಾಟೀನು ಇಳಿಸಿದರು. ಅದು ಆರಲಿಲ್ಲ. ಗಾಳಿ ಚಲೋ ಐತಿ ಅಂದರು. ಈ ಅನಿಲಕ್ಕೆ ದೀಪ ಆರುವುದಿಲ್ಲ, ವಾಸನೆಯೂ ಇಲ್ಲ ಎಂದು ನಾನು ವಾದಿಸಿದೆ. ಕೊನೆಗೆ ಖರ್ಚಿಗೆ ಒಪ್ಪಿದರು. ಉಳಿದ ಟೈಲ್ಸ್ ಒಡೆದು, ಬಿರುಕು ಮುಚ್ಚಿ, ಹಗೇವಿನಿಂದ ಮಾಡಿನ ಮೇಲಿನವರೆಗೆ ಪೈಪು ಎಬ್ಬಿಸಿ, ಅದರೊಳಗೆ ಗಾಳಿ ಎಳೆಯುವ ಫ್ಯಾನು ಕೂರಿಸಿದ್ದಾಯಿತು.

ನಿಜವಾದ ಖರ್ಚು ಆಮೇಲೆ ಗೊತ್ತಾಯಿತು. ಫ್ಯಾನು ಹಗಲೂ ರಾತ್ರಿ ತಿರುಗುತ್ತಲೇ ಇರಬೇಕು. ಆ ಮನೆಯಲ್ಲೋ, ಜನರಿಲ್ಲದ ಕಡೆ ಫ್ಯಾನು ತಿರುಗುತ್ತಿದ್ದರೆ ಭಾವನ ಕೈ ತಾನಾಗಿಯೇ ಸ್ವಿಚ್ಚಿಗೆ ಹೋಗುತ್ತದೆ.

"ಯಾರಿಗಪ್ಪ ಬೀಸ್ತೈತಿ ಇದು? ಪೈಪಿಗೆ ಸೆಕಿ ಆಗೈತೇನು?" ಎಂದಿದ್ದರು ಮೊದಲ ದಿನವೇ.

ಮುಂದೊಂದು ದಿನ ಹೇಳದೆ ಕೇಳದೆ ಹೋದೆ. ಪೈಪಿನ ಮೇಲೆ ಕೈಯಿಟ್ಟರೆ ಅದುರುತ್ತಿರಲಿಲ್ಲ. ಯಂತ್ರದ ಅಂಕಿ ಮತ್ತೆ ಏರಿತ್ತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಕ್ಕ ನಿದ್ದೆ ಹೋಗಿದ್ದಳು. ಸ್ವಿಚ್ಚು ಆಫ್ ಆಗಿದ್ದನ್ನು ಕಣ್ಣಾರೆ ಕಂಡೆ ಎಂದೇ ಬಹಳ ದಿನ ನಂಬಿದ್ದೆ.

ಭಾವ ಪಡಸಾಲೆಯಲ್ಲಿ ಆ ವರ್ಷದ ಮೆಕ್ಕೆಜೋಳ ತುಂಬಿದ ಚೀಲ ಹೊಲಿಯುತ್ತಿದ್ದರು. "ನಿನ್ನೆಯಿಂದ ಕರೆಂಟಿಲ್ಲ," ಎಂದರು ತಲೆಯೆತ್ತದೆ.

"ಅಡುಗೆಮನೇಲಿ ಲೈಟ್ ಉರೀತಿದೆಯಲ್ರೀ ಭಾವ?"

ಅವರು ಅಡುಗೆಮನೆಯತ್ತ ತಿರುಗಲಿಲ್ಲ, ನನ್ನನ್ನೇ ನೋಡಿದರು. ದಬ್ಬಳ ಚೀಲದಲ್ಲೇ ನಿಂತಿತು. "ಅಕಿ ಸಾಯಲಿ ಅಂತ ಆರಿಸ್ತೀನಿ ಅಂತೀಯೇನು?"

ನಾನು ಇಲ್ಲವೆನ್ನಲಿಲ್ಲ. ಅಕ್ಕ ಕೆಮ್ಮುತ್ತಾ ಗೋಡೆ ಹಿಡಿದು ಹೊರಗೆ ಬಂದಳು. "ನನ್ನ ಎದಿ ಸಲುವಾಗಿ ನನ್ನ ಎದಿ ಒಡಿಬ್ಯಾಡ್ರಿ ಇಬ್ರೂ." ಚಹಾ ಕುಡಿಯದೆ ಬಸ್ಸು ಹತ್ತಿದೆ.

ತಿಂಗಳಾದ ಮೇಲೆ ಹೋದಾಗ ಪೈಪು ಅದುರುತ್ತಿತ್ತು, ಅಂಕಿ ಇಳಿದಿತ್ತು. ಸ್ವಿಚ್ಚು ಇದ್ದ ಜಾಗದಲ್ಲಿ ಬರೀ ಸಿಮೆಂಟು. ನನ್ನ ಆರೋಪಕ್ಕೆ ಹೆದರಿ ಈಗ ಕೀಳಿಸಿದ್ದಾರೆ ಎಂದುಕೊಂಡೆ. ಭಾವನನ್ನು ಕೇಳಲು ಮುಖವಿರಲಿಲ್ಲ. ವೈರಿಂಗ್ ಮಾಡಿದವನನ್ನು ಶಿಕಾರಿಪುರದಲ್ಲಿ ಹುಡುಕಿ ಕೇಳಿದೆ, ಅಕ್ಕನನ್ನೂ ಬೇರೆಯಾಗಿ ಕೇಳಿದೆ. ಬಲ್ಬಿನ ವಿಷಯ ಇಬ್ಬರಿಗೂ ಗೊತ್ತಿಲ್ಲ. ಒಂದು ಮಾತ್ರ ಇಬ್ಬರೂ ಒಂದೇ ರೀತಿ ಹೇಳಿದರು: ಭಾವ ಆ ಸ್ವಿಚ್ಚು ಕೀಳಿಸಿ ಫ್ಯಾನಿಗೆ ನೇರ ಲೈನು ಕೊಡಿಸಿದಾಗ ಮೆಕ್ಕೆಜೋಳ ಇನ್ನೂ ಹೊಲದಲ್ಲೇ ನಿಂತಿತ್ತು, ಚೀಲಕ್ಕೆ ಬಂದಿರಲಿಲ್ಲ.