ಹೆಸರು ಹೊಲಿದ ಕೌದಿ

ಕಾಕಿಯ ಬಲಗೈ ತೋರುಬೆರಳ ತುದಿ ಹುಣಸೆಬೀಜದಷ್ಟು ಗಟ್ಟಿಯಾಗಿತ್ತು. ಸೂಜಿ ಚುಚ್ಚಿ ಚುಚ್ಚಿ ಅಲ್ಲಿ ಬಿಸಿಯೂ ತಾಗುತ್ತಿರಲಿಲ್ಲ. ಆ ಬೆರಳಿಂದಲೇ ಚಹಾದ ಲೋಟ ಮುಟ್ಟಿ, "ಆರೇದೇನವಾ?" ಎಂದು ನನ್ನನ್ನು ಕೇಳುತ್ತಿದ್ದರು.

ಕುವೈತಿನ ಮಹಬೂಲಾದ ಕಟ್ಟಡವೊಂದರಲ್ಲಿ ನಮ್ಮದು ಎದುರುಬದುರು ಬಾಗಿಲು. ಅವರು ಗದಗದ ಕಡೆಯವರು; ಗಂಡ ಮೀನಾ ಅಬ್ದುಲ್ಲಾದಲ್ಲಿ ಗುತ್ತಿಗೆ ಕಂಪನಿಯ ಫೋರ್‌ಮನ್. ನಾನು ಹರಿದ ಬಟ್ಟೆ ಎಸೆಯಹೋದರೆ ಕಾಕಿ ಕಸಿದುಕೊಳ್ಳುತ್ತಿದ್ದರು. "ಒಗೀಬ್ಯಾಡ, ಇದರಾಗ ಇನ್ನೂ ಜೀವ ಐತಿ." ಅದೆಲ್ಲ ಕೌದಿಯಾಗುತ್ತಿತ್ತು.

ನಾನು ಕೆಲಸಕ್ಕಿದ್ದ ಕ್ಲಿನಿಕ್ಕಿಗೆ ಬರುತ್ತಿದ್ದ ಅಮೆರಿಕದ ಟೀಚರೊಬ್ಬರು ತಮ್ಮ ಮನೆತನದ ಹಳೆಯ ಕೌದಿಯ ಹರುಕು ಹೊಲಿಸಬೇಕೆಂದಾಗ ಕಾಕಿಯ ಬಳಿ ಕರೆತಂದೆ. ನೂರೈವತ್ತು ವರ್ಷ ಹಳೆಯದಂತೆ. ಒಂದೊಂದು ಚೌಕವನ್ನು ಒಬ್ಬೊಬ್ಬರು ಹೊಲಿದು ಮಸಿಯಲ್ಲಿ ಹೆಸರು ಬರೆದಿದ್ದರು. ನಡುವೆ ತೆರೆದ ಅಂಗೈ, ಅದರಲ್ಲಿ ಕೆಂಪು ಹೃದಯ. ಪಕ್ಕದಲ್ಲಿ ಮೂರು ಕೊಂಡಿಯ ಸರಪಳಿ. ಅವು ಆ ಟೀಚರ ಊರಿನ ಗಂಡಸರು ಕಟ್ಟಿಕೊಂಡಿದ್ದ ಸಹೋದರ ಸಂಘದ ಗುರುತುಗಳು. ಕಾಯಿಲೆಯವನನ್ನು ನೋಡಿಕೊಳ್ಳುವುದು, ಸತ್ತವನನ್ನು ಮಣ್ಣು ಮಾಡುವುದು, ಅವನ ಹೆಂಡತಿ ಮಕ್ಕಳ ಕೈಬಿಡದಿರುವುದು ಅವರ ಪ್ರತಿಜ್ಞೆ. ನಾನು ಕನ್ನಡದಲ್ಲಿ ತಿಳಿಸಿದೆ. ಕಾಕಿ ಆ ಹೃದಯದ ಮೇಲೆ ಕೈಯಾಡಿಸಿ, "ಹೊರದೇಶದಾಗಿರೋ ನಮಗ ಇಂಥಾದ್ದು ಬೇಕಿತ್ತು ನೋಡು" ಎಂದರು.

ಮರುವರ್ಷ ಅವರ ಗಂಡ ಕೆಲಸದ ಜಾಗದಲ್ಲೇ ಎದೆ ಹಿಡಿದು ಕುಸಿದು ತೀರಿಕೊಂಡರು. ದೇಹ ಊರಿಗೆ ಕಳಿಸಲು ಒಂಬತ್ತು ದಿನ ಹಿಡಿಯಿತು. ವೀಸಾ ಕೊಟ್ಟ ಕಫೀಲನ ಸಹಿ, ಆಸ್ಪತ್ರೆಯ ಕಾಗದ ಎಂದು ಜೊತೆಯ ಕೆಲಸಗಾರರೇ ಅಲೆದರು: ಇಬ್ಬರು ಮಲಯಾಳಿಗಳು, ಒಬ್ಬ ಬಂಗಾಳಿ, ಒಬ್ಬ ಈಜಿಪ್ಟಿನವ. ಕಾಕಿ ಒಬ್ಬೊಬ್ಬರಿಂದಲೂ ಹಳೆಯ ಯೂನಿಫಾರ್ಮಿನ ತುಂಡು ಕೇಳಿ ಪಡೆದು, ಅವರವರ ಲಿಪಿಯಲ್ಲೇ ಹೆಸರು ಬರೆಸಿ, ಅಕ್ಷರದ ಮೇಲೆ ದಾರ ಎಳೆದರು. ನಡುವೆ ಗಂಡನ ಅಂಗಿಯಿಂದ ಕತ್ತರಿಸಿದ ಅಂಗೈ, ಅದರಲ್ಲಿ ಹೃದಯ.

"ನಿಂದೊಂದು ಸೀರಿ ತುಂಡು ಕೊಡವಾ. ನೀನೂ ನಮ್ಮಾಕಿ."

ನಾನಾಗ ಐದು ತಿಂಗಳ ಬಸುರಿ. ಬಸುರಿ ಉಟ್ಟ ಬಟ್ಟೆಯನ್ನು ಸಾವಿನ ಮನೆಗೆ ಕೊಡಬಾರದೆಂದು ಅತ್ತೆ ಫೋನಿನಲ್ಲಿ ಹೆದರಿಸಿದ್ದರು. "ನಾಳೆ ಕೊಡ್ತೇನೆ ಕಾಕಿ" ಎಂದೆ. ಮರುದಿನವೂ ಅದನ್ನೇ ಅಂದೆ. ಅವರು ನನ್ನ ಹೊಟ್ಟೆಯತ್ತ ನೋಡಿ, "ಇರಲಿ ಬಿಡು, ಅಂಜಬ್ಯಾಡ" ಎಂದು ಸೂಜಿಗೆ ದಾರ ಪೋಣಿಸಿದರು.

ಕಾಕಿ ದೇಹದ ಜೊತೆ ಊರಿಗೆ ಹೊರಡುವ ದಿನ ಕೌದಿಯನ್ನು ಶವಪೆಟ್ಟಿಗೆಯೊಳಗೆ ಇಡಬೇಕೇ ಎಂದು ಬಂಗಾಳಿ ಹಿಂದಿಯಲ್ಲಿ ಕೇಳಿದ. "ಬ್ಯಾಡಂತ ಹೇಳು" ಎಂದರು ಕಾಕಿ ನನಗೆ. "ಇವರೆಲ್ಲಾ ಇನ್ನೂ ಬದುಕಬೇಕು. ಇವರ ಹೆಸರು ಬೆಂಕಿಗೆ ಹಾಕಬಾರದು."

ನನಗೆ ಹೆರಿಗೆಯಾದ ಮೇಲೆ, ರಜೆಗೆ ಊರಿಗೆ ಹೋಗಿ ಬಂದವರ ಕೈಯಲ್ಲಿ ಕಾಕಿ ಕಳಿಸಿದ ಒಂದು ಪುಟ್ಟ ಕೌದಿ ಬಂತು. ಅವರ ಸೀರೆಗಳನ್ನು ಅದರಲ್ಲಿ ಗುರುತು ಹಿಡಿದೆ. ಮಗಳನ್ನು ಅದರಲ್ಲೇ ಸುತ್ತಿ ಮಲಗಿಸಿದೆ. ಫೋನ್ ಮಾಡಿ, ಅಂದು ಸೀರೆ ತುಂಡು ಕೊಡದೆ ತಪ್ಪಾಯಿತು ಎನ್ನಬೇಕಿತ್ತು. ನಾಚಿಕೆಯಾಗಿ ಒಂದು ಶುಕ್ರವಾರದಿಂದ ಮುಂದಿನ ಶುಕ್ರವಾರಕ್ಕೆ ದೂಡುತ್ತಾ ಹೋದೆ.

ಕೊನೆಗೆ ಊರಲ್ಲಿದ್ದ ಕಾಕಿಯ ಮಗಳೇ ಫೋನ್ ಮಾಡಿದಳು.

"ಅವ್ವ ಹೋದ್ಳರಿ, ಅಕ್ಕಾ. ನಿಮ್ಮ ಕೂಸಿಗೆ ಏನು ಹೆಸರಿಟ್ಟಾರ ಅಂತ ಕೇಳ್ತಾನ ಇದ್ಳು."