ಎರಡು, ಒಂದು, ಎರಡು

ನಾನು ಭಾಲ್ಕಿಯಲ್ಲಿ ಟ್ಯೂಷನ್ ಹೇಳುತ್ತಿದ್ದಾಗ ಔರಾದ್ ಕಡೆಯ ಹಳ್ಳಿಯಿಂದ ಒಬ್ಬ ಹೆಂಗಸು ಪಾಠಕ್ಕೆ ಬರುತ್ತಿದ್ದರು. ಪ್ರತಿ ಭಾನುವಾರ ಎಂದು ಬರೆಯಲು ಕೈ ಮುಂದಾಗುತ್ತದೆ. ಅಷ್ಟು ನಿಯಮಿತವಾಗಿ ಬಂದಿರಲಿಕ್ಕಿಲ್ಲ; ಬಸ್ಸು ಸಿಕ್ಕ ಭಾನುವಾರ ಎನ್ನಬೇಕು. ಅವರು ಅಂಗನವಾಡಿ ಸಹಾಯಕಿ, ಅಲ್ಲಿಯ ಮಕ್ಕಳಿಗೆ ಅಡುಗೆ ಮಾಡುವವರು. ಅದೇ ಕೇಂದ್ರದ ಕಾರ್ಯಕರ್ತೆ ನಿವೃತ್ತರಾಗುವವರಿದ್ದರು. ಹತ್ತನೆಯ ತರಗತಿ ಪಾಸಾದರೆ ಆ ಜಾಗ ಇವರಿಗೆ ಸಿಗಬಹುದಿತ್ತು. ಹೊರಗಿನಿಂದ ಪರೀಕ್ಷೆ ಕಟ್ಟಿದ್ದರು. ಹೆದರಿಕೆ ಇದ್ದದ್ದು ವಿಜ್ಞಾನದ್ದು.

ರಾಸಾಯನಿಕ ಸಮೀಕರಣ ಸರಿದೂಗಿಸಲು ನಾನೊಂದು ಅಡ್ಡದಾರಿ ಮಾಡಿಕೊಂಡಿದ್ದೆ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಎಂಟ್ಹತ್ತು ಸಮೀಕರಣ ಆರಿಸಿ, ಅವುಗಳಲ್ಲಿ ತುಂಬಬೇಕಾದ ಅಂಕಿಗಳನ್ನಷ್ಟೇ ಬಾಯಿಪಾಠ ಮಾಡಿಸುವುದು. ಮೆಗ್ನೀಸಿಯಮ್ ಉರಿದರೆ ಎರಡು, ಒಂದು, ಎರಡು: ಎರಡು ಮೆಗ್ನೀಸಿಯಮ್, ಒಂದು ಆಕ್ಸಿಜನ್, ಬಾಣದಾಚೆ ಎರಡು ಮೆಗ್ನೀಸಿಯಮ್ ಆಕ್ಸೈಡ್. ನನ್ನ ವಿದ್ಯಾರ್ಥಿಗಳು ಹೀಗೇ ಪಾಸಾಗುತ್ತಿದ್ದರು.

"ಎರಡೇ ಯಾಕ್ರಿ ಸರ್?"

"ಯಾಕ ಅಂಬೋದು ತಗೊಂಡು ಏನ್ ಮಾಡ್ತೀರಿ ಅಕ್ಕಾ? ಬರೀರಿ, ಮಾರ್ಕ್ಸ್ ತಗೊಳ್ರಿ."

"ನಮ್ಮ ಅಂಗನವಾಡಿ ಕೂಸುಗಳೂ ಯಾಕ ಯಾಕ ಅಂತಾವ್ರಿ. ನಾ ಹಿಂಗ ಬಾಯಿ ಮುಚ್ಚಸಂಗಿಲ್ಲ ನೋಡ್ರಿ."

ಇಬ್ಬರೂ ನಕ್ಕೆವು. ನಾನು ನಕ್ಕೆನೋ, ಗಡಿಯಾರ ನೋಡಿದೆನೋ. ಅವರು ಮಾತ್ರ ಆಮೇಲೆ ಕೇಳಲಿಲ್ಲ. ಮಕ್ಕಳ ಹಾಡಿನ ಧಾಟಿಯಲ್ಲಿ ಅಂಕಿಗಳನ್ನು ಚಪ್ಪಾಳೆ ತಟ್ಟುತ್ತಾ ಹೇಳಿಕೊಂಡರು.

ಪರೀಕ್ಷೆ ಬೀದರ್‌ನಲ್ಲಿ. ಅವತ್ತು ಅವರಿಗಾಗಿಯೇ ಹೋಗಿ ಗೇಟಿನಲ್ಲಿ ಕಾದೆ ಎಂದು ಕೆಲವರಿಗೆ ಹೇಳಿದ್ದೇನೆ. ಸುಳ್ಳು, ಬೇರೆ ಕೆಲಸಕ್ಕೆ ಹೋದವನು ದಾರಿಯಲ್ಲಿ ಸಿಕ್ಕ ಆ ಗೇಟಿನ ಬಳಿ ನಿಂತಿದ್ದೆ. ಅವರು ಓಡುತ್ತಲೇ ಬಂದರು.

"ಮೆಗ್ನೀಸಿಯಮ್ ಬಂದಿತ್ರಿ ಸರ್! ಕಣ್ಣು ಮುಚ್ಚಿ ಬರದೇನಿ. ಎರಡು, ಒಂದು, ಎರಡು!"

ಪ್ರಶ್ನೆಪತ್ರಿಕೆ ತೆಗೆದುಕೊಂಡು ನೋಡಿದೆ. ಯಾರೋ ಸಮೀಕರಣವನ್ನು ತಿರುಗಿಸಿ ಅಚ್ಚು ಹಾಕಿಸಿದ್ದರು. ಮೊದಲು ಆಕ್ಸಿಜನ್, ಆಮೇಲೆ ಮೆಗ್ನೀಸಿಯಮ್. ಅವರು ಬಾಯಿಪಾಠದ ಸಾಲಿನಲ್ಲೇ ತುಂಬಿದ್ದರೆ ಎರಡು ಆಕ್ಸಿಜನ್ನಿಗೆ, ಒಂದು ಮೆಗ್ನೀಸಿಯಮ್ಮಿಗೆ ಹೋಗಿರಬೇಕು. ತಪ್ಪು. ಪತ್ರಿಕೆ ಮಡಚಿ ಕೊಟ್ಟೆ.

"ಛಲೋ ಆತು ಬಿಡ್ರಿ," ಎಂದೆ.

ವಿಜ್ಞಾನದಲ್ಲಿ ಫೇಲಾದರು. ಆ ಒಂದು ಪ್ರಶ್ನೆಯಿಂದಲೇ ಹೋಯಿತೆಂದರೆ ಕಥೆ ಚೊಕ್ಕಟವಾಗುತ್ತದೆ. ಎಷ್ಟು ಅಂಕ ಎಲ್ಲೆಲ್ಲಿ ಹೋದವೋ ನನಗೆ ಗೊತ್ತಿಲ್ಲ. ಆದರೆ ನಾನು ಕಲಿಸಿದ ಉಳಿದವೂ ಅದೇ ಜಾತಿಯವು.

ಪೂರಕ ಪರೀಕ್ಷೆಗೆಂದು ಮತ್ತೆ ಪಾಠಕ್ಕೆ ಬಂದಾಗ ಹೇಳಿಬಿಟ್ಟೆ. "ಆವತ್ತು ಗೇಟಿನ್ಯಾಗೇ ನನಗ ಗೊತ್ತಾಗಿತ್ರಿ ಅಕ್ಕಾ."

"ಅದು ಬಿಡ್ರಿ. ಮೊದಲೇ ಕೇಳಿದ್ದೆ ನಾ. ನೀವು ಹೇಳಲಿಲ್ಲ."

ಏರಿದ ದನಿಯಲ್ಲ. ಪುಸ್ತಕದ ಹೊಸ ಹಾಳೆ ತೆಗೆದು ನನ್ನ ಮುಂದೆ ಸರಿಸಿದರು. ಆಕ್ಸಿಜನ್ ಗಾಳಿಯಲ್ಲಿ ಯಾವಾಗಲೂ ಜೋಡಿಯಾಗಿರುತ್ತದೆ, ಬಿಡಿಯಾಗಿ ಸಿಗುವುದಿಲ್ಲ ಎಂದೆ. ಆಕ್ಸೈಡಿನಲ್ಲಿ ಒಂದು ಆಕ್ಸಿಜನ್ನಿಗೆ ಒಂದು ಮೆಗ್ನೀಸಿಯಮ್. ಹಾಗಾಗಿ ಒಂದು ಜೋಡಿ ಬಂದರೆ ಎರಡು ಮೆಗ್ನೀಸಿಯಮ್ ಬೇಕು, ಆಚೆ ಎರಡು ಆಕ್ಸೈಡ್ ಆಗುತ್ತದೆ. ಬಾಣದ ಈಚೆ ಎಷ್ಟಿವೆಯೋ ಆಚೆಯೂ ಅಷ್ಟೇ ಇರಬೇಕು. ಅವರು ಬೆರಳಿಟ್ಟು ಎಣಿಸಿದರು. ತಾವೇ ಸಮೀಕರಣವನ್ನು ತಿರುಗಿಸಿ ಬರೆದು ಇನ್ನೊಮ್ಮೆ ಎಣಿಸಿದರು. ಸರಿ ಬಂತು. ನಾನು ಕೇಳದೆ ಇನ್ನೆರಡು ಸಮೀಕರಣ ಬಿಡಿಸಿದರು.

"ಇಷ್ಟೇ ಏನ್ರಿ ಸರ್?"

ಗಡಿಯಾರ ನೋಡಿದೆ. ಕಾಲು ಗಂಟೆಯೂ ಆಗಿರಲಿಲ್ಲ.

ಪೂರಕ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಆ ಕೇಂದ್ರಕ್ಕೆ ಬೇರೆ ಊರಿನ ಕಾರ್ಯಕರ್ತೆ ಬಂದಾಗಿತ್ತು. ಅದು ನನಗೆ ಮೊದಲೇ ಗೊತ್ತಿತ್ತು. ಅವರು ಫೋನ್ ಮಾಡಿದರು.

"ಪಾಸಾದೆ ನೋಡ್ರಿ ಸರ್."

ಶಭಾಶ್ ಅಂದೆ. ಇನ್ನೇನೋ ಹೇಳಲು ಹೋದೆ. ಆ ಮಾತು ಯಾವುದೆಂದು ಎಷ್ಟು ಸಲ ಕಟ್ಟಿ ನೋಡಿದರೂ ಪ್ರತಿ ಸಲ ನಾನೇ ಒಳ್ಳೆಯವನಾಗಿ ಕಾಣುತ್ತೇನೆ, ಅದಕ್ಕೇ ನಂಬುವುದಿಲ್ಲ. ಅವರು ಹೇಳಿದ್ದು ಮಾತ್ರ ನೆನಪಿದೆ.

"ಇಡ್ತೇನ್ರಿ. ಕೂಸುಗಳಿಗೆ ಅನ್ನಕ್ಕ ಇಟ್ಟೇನಿ, ಹೊತ್ತೀತು."